ತೆರಿಗೆ ಕಟ್ಟಲು ಹೊರಟ ಭಾವ

ತೆರಿಗೆಯೇ ಇಲ್ಲದ ಊರಿನಲ್ಲಿ ತೆರಿಗೆ ಕಟ್ಟಿಯೇ ತೀರುತ್ತೇನೆಂದು ಹಟ ಹಿಡಿದ ಮನುಷ್ಯ ಭೂಮಂಡಲದಲ್ಲಿ ಒಬ್ಬರೇ. ಆ ಮಹಾನುಭಾವರು ನನ್ನ ಅಕ್ಕನ ಗಂಡ! ನಾವೆಲ್ಲ ಕತಾರಿಗೆ ಬಂದದ್ದೇ ಸಂಬಳ ಇಡಿಯಾಗಿ ಕೈಗೆ ಬರುತ್ತದೆಂಬ ಆಸೆಗೆ. ಟ್ರೇಡಿಂಗ್ ಕಂಪನಿಯೊಂದರಲ್ಲಿ ಅಕೌಂಟೆಂಟ್ ಆಗಿದ್ದ ಭಾವನಿಗೆ ಮಾತ್ರ ಇಪ್ಪತ್ತೆರಡು ವರ್ಷವೂ ಅದೊಂದೇ ಸಂಕಟ.

ಅರುವತ್ತು ತುಂಬಿ ಅವರ ಕೆಲಸ ಮುಗಿಯಿತು. ಮದೀನತ್ ಖಲೀಫಾ ಬಡಾವಣೆಯ ಮನೆ ಖಾಲಿ ಮಾಡಿ ಊರಿಗೆ ಹೊರಡಬೇಕು. ಸಾಮಾನನ್ನೆಲ್ಲ ಇಂಟರ್ನೆಟ್ಟಿನಲ್ಲಿ ಮಾರಿ ಎಂದು ಸಲಹೆ ಕೊಟ್ಟವನು ನಾನೇ. ಭಾವ ಬರೆದ ಜಾಹೀರಾತು ನೋಡಬೇಕಿತ್ತು! "ಫ್ರಿಜ್ ಮಾರಾಟಕ್ಕಿದೆ. ಬಾಗಿಲು ಎರಡು ಸಲ ಹಾಕಬೇಕು. ಸದ್ದು ಮಾಡುತ್ತದೆ. ನನ್ನ ಹೆಂಡತಿಗೆ ಇದು ಎಂದೂ ಇಷ್ಟವಾಗಲಿಲ್ಲ." ಯಾರಾದರೂ ಫೋನ್ ಮಾಡುತ್ತಾರೆಯೇ?

ಮಂಚ ಕೊಳ್ಳಲು ಬಂದ ಮಲಯಾಳಿ ಡ್ರೈವರ್ ಇನ್ನೂರು ರಿಯಾಲಿಗೆ ಒಪ್ಪಿಯೇಬಿಟ್ಟಿದ್ದರು. ಭಾವ ಒಪ್ಪಬೇಕಲ್ಲ! ಒಂದು ಕಾಲು ಅಲ್ಲಾಡುತ್ತದೆ, ನೂರೈವತ್ತು ಸಾಕು ಎಂದು ತಾವೇ ಇಳಿಸಿದರು. ಡ್ರೈವರಿಗೆ ಸಂಶಯ ಬಂದು ಮಂಚದಡಿ ಬಗ್ಗಿ ಬಗ್ಗಿ ನೋಡಿದರು.

"ಇವರಿಗೆ ಮಂಡೆ ಸಮ ಇಲ್ಲ," ಎಂದಳು ಅಕ್ಕ ಅಡುಗೆಮನೆಯಿಂದ. "ನೀನು ಚಾ ಕುಡಿ."

ಹೊರಡಲು ಮೂರು ದಿನವಿರುವಾಗ ಇಂಗ್ಲಿಷ್ ಮೇಡಂ ಒಬ್ಬರು ಬಂದರು. ಹಿಟ್ಟು ರುಬ್ಬಲೆಂದು ಅಕ್ಕ ಹಿಂದೆ ಊರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಪುಟ್ಟ ಕಡೆಯುವ ಕಲ್ಲನ್ನು ಕಂಡು ಹಿಗ್ಗಿಹೋದರು. ಅದರ ಗುಂಡಿಯಲ್ಲಿ ಕಳ್ಳಿ ಗಿಡ ನೆಡುತ್ತಾರಂತೆ! ಭಾವ ಬೇಡ ಬೇಡ ಎನ್ನುತ್ತಿದ್ದರೂ ಮುನ್ನೂರು ರಿಯಾಲ್ ಮೇಜಿನ ಮೇಲಿಟ್ಟು, ಕಲ್ಲನ್ನು ಕಾರಿಗೆ ಹಾಕಿಸಿಕೊಂಡು ನಡೆದರು. ಕಾರ್ಕಳದಲ್ಲಿ ಅದಕ್ಕೆ ಅಕ್ಕ ಕೊಟ್ಟದ್ದು ಎಂಬತ್ತು ರೂಪಾಯಿ.

"ಲಾಭ ಬಂತು ಮಾರಾಯ!" ಭಾವ ಜ್ವರ ಬಂದವರ ಹಾಗೆ ಕುಳಿತರು. "ಫ್ರಿಜ್ಜು, ಮಂಚ ಎಲ್ಲ ನಷ್ಟ. ಇದು ಆದಾಯ. ಟ್ಯಾಕ್ಸ್ ಎಲ್ಲಿ ಕಟ್ಟುದು?"

"ಇಲ್ಲಿ ಟ್ಯಾಕ್ಸೇ ಇಲ್ಲ ಭಾವ!"

"ನೀನು ಹೇಳಿದ್ರೆ ಆಯ್ತಾ? ಅವರು ಹೇಳ್ಬೇಕು. ಇಷ್ಟು ವರ್ಷ ಅನ್ನ ಕೊಟ್ಟ ಊರು. ಋಣ ಇಟ್ಕೊಂಡು ನಾನು ವಿಮಾನ ಹತ್ತುದಿಲ್ಲ."

"ಹಾಗಾದ್ರೆ ನೀವು ಇಲ್ಲೇ ಇರಿ, ನಾನು ಹೋಗ್ತೇನೆ," ಎಂದಳು ಅಕ್ಕ. ಭಾವ ಅದಕ್ಕೂ ತಯಾರಿದ್ದರು!

ಮರುದಿನ ಅವರನ್ನು ಸರಕಾರಿ ಕಚೇರಿಗೆ ಕರೆದೊಯ್ದೆ. ಕೌಂಟರಿನ ಕತಾರಿ ಅಧಿಕಾರಿಗೆ ಭಾವ ಅರೆ ಅರಬ್ಬಿ, ಅರೆ ಇಂಗ್ಲಿಷಿನಲ್ಲಿ ಕಲ್ಲಿನ ಚರಿತ್ರೆ ಒಪ್ಪಿಸಿದರು. ಹಿಟ್ಟು ಕಡೆಯುವುದು ಹೇಗೆಂದು ಕೈ ತಿರುಗಿಸಿಯೂ ತೋರಿಸಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಭಾವನ ಪರಿಚಯವೇ ಇಲ್ಲದವನಂತೆ ದೂರ ಸರಿದು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

"ಮಾಫಿ ಟ್ಯಾಕ್ಸ್," ಅಧಿಕಾರಿ ಕೈಯಾಡಿಸಿದರು. ಇಲ್ಲವೇ ಇಲ್ಲವಂತೆ.

ಭಾವ ಕದಲಲಿಲ್ಲ. ಮಕ್ಕಳು ಇಲ್ಲೇ ಓದಿದರು, ಹೆಂಡತಿಯ ಆಪರೇಷನ್ ಇಲ್ಲೇ ಆಯಿತು, ನಾಡಿದ್ದು ಹೋದರೆ ಮತ್ತೆ ಬರುವುದಿಲ್ಲ, ಏನನ್ನಾದರೂ ತೆಗೆದುಕೊಳ್ಳಿ ಎಂದು ತಡವರಿಸುತ್ತ ನೋಟುಗಳನ್ನು ಮುಂದೆ ಚಾಚಿದರು.

ಅಧಿಕಾರಿ, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರು. ಭಾವ ಹೇಳಿದರು. ಅಧಿಕಾರಿ ಎದ್ದು ಕೌಂಟರ್ ದಾಟಿ ಹೊರಬಂದು, ನೋಟುಗಳ ಸಮೇತ ಭಾವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಇಪ್ಪತ್ತೆರಡು ವರ್ಷ ಕೊಟ್ಟಿದ್ದೀರಿ ಬಾಬಾ. ಖಲಾಸ್. ಎಲ್ಲ ಕಟ್ಟಿ ಆಗಿದೆ."

ಭಾವ ಅಳುತ್ತಿದ್ದರು. ದೂರ ಸರಿದು ನಿಂತದ್ದಕ್ಕೆ ನನಗೆ ನಾಚಿಕೆಯಾಯಿತು. ಸಾಲನ್ನು ಸೀಳಿಕೊಂಡು ಹೋಗಿ ಅವರ ತೋಳು ಹಿಡಿದು, ಎಲ್ಲರಿಗೂ ಕೇಳುವಂತೆ, "ಇವರು ನಮ್ಮ ಭಾವ," ಎಂದೆ.