ಕೋಳಿಗೆ ಮಾಡಿದ ಬಾಣಂತನ

ಕೋಳಿ ಕಾವಿಗೆ ಕೂರುವುದು, ಮರಿ ಹೊರಬರುವುದು: ಇದರಲ್ಲಿ ಗಂಡಸು ಕೆಡಿಸುವಂಥದ್ದು ಏನೂ ಇಲ್ಲವೆಂದು ಅರವತ್ತರ ದಶಕದ ಶುರುವಿನಲ್ಲಿ ನಾನು ದೃಢವಾಗಿ ನಂಬಿದ್ದೆ!

ಆಗ ನಾನು ಮಣಿಪಾಲದಲ್ಲಿ ಗುಮಾಸ್ತ. ಪರ್ಕಳದಲ್ಲಿ ಬಾಡಿಗೆ ಮನೆ. ಸುತ್ತ ಮನೆಗಳಿಗಿಂತ ಗೇರುಮರಗಳೇ ಹೆಚ್ಚು. ಹೆಂಡತಿ ಸುನಂದಾ ಚೊಚ್ಚಲ ಹೆರಿಗೆಗೆ ಕಾರ್ಕಳದ ತವರಿಗೆ ಹೋಗಿದ್ದಳು. ತೊಟ್ಟಿಲ ಶಾಸ್ತ್ರದ ದಿನ ನಾನು ಮಗಳನ್ನು ತೆಂಗಿನಕಾಯಿ ಹಿಡಿದ ಹಾಗೆ ಹಿಡಿದದ್ದನ್ನು ಕಂಡು ಅತ್ತೆ ತೀರ್ಪು ಕೊಟ್ಟರು. "ಇವರ ಕೈಗೆ ಕೂಸು ಕೊಡ್ಲಿಕ್ಕುಂಟಾ? ಮಳೆಗಾಲ ಕಳೀಲಿ, ಆಮೇಲೆ ಕಳಿಸುವ."

ಅಷ್ಟು ದಿನ ಮಗಳನ್ನು ಬಿಟ್ಟಿರುವುದೇ?

"ಅತ್ತೆ, ನಮ್ಮ ಕೋಳಿ ಕಾವಿಗೆ ಕೂತಿದೆ. ಮರಿ ಮಾಡಿಸಿ ತೋರಿಸ್ತೇನೆ. ಆಗ ಕಳಿಸ್ತೀರಾ?"

"ಒಂದು ಮರಿ ತೋರಿಸಿ, ನಾನೇ ತಂದು ಬಿಡ್ತೇನೆ" ಎಂದು ಅತ್ತೆ ನಕ್ಕರು.

ಬಾಣಂತಿ ಚೆನ್ನಾಗಿ ತಿಂದರೆ ಕೂಸು ಗುಂಡಗಾಗುತ್ತದೆ ಎನ್ನುವುದು ಅತ್ತೆಯದೇ ಸಿದ್ಧಾಂತ. ಕೋಳಿಯೂ ಬಾಣಂತಿಯೇ ತಾನೇ! ಬೆಲ್ಲ, ತೆಂಗಿನಹಾಲು ಹಾಕಿ ಮೆಂತೆ ಗಂಜಿ ಬೇಯಿಸಿ ಬಡಿಸಿದೆ. ಕೊಕ್ಕು ಬಿಡಿಸಿ ಬೆಳ್ಳುಳ್ಳಿ ಲೇಹ್ಯ ನೆಕ್ಕಿಸಿದೆ. ಕೋಳಿಗೆ ಭೇದಿ ಹಿಡಿಯಿತು! ಗಳಿಗೆಗೊಮ್ಮೆ ಬುಟ್ಟಿಯಿಂದ ಹಾರಿ ಅಂಗಳಕ್ಕೆ ಓಡತೊಡಗಿತು. ಮರಿಯಾಗಲು ಇನ್ನು ಮೂರು ನಾಲ್ಕು ದಿನ ಎನ್ನುವಾಗ ನನ್ನನ್ನು ಕಂಡರೆ ಸಾಕು, ಗೇರುಮರ ಹತ್ತುತ್ತಿತ್ತು.

ಪಕ್ಕದ ಮನೆಯ ಸೆಲಿನಾ ಬಾಯಿ ತಲೆ ಚಚ್ಚಿಕೊಂಡರು. "ಎಂತ ಮಾರಾಯ್ರೆ! ಕೋಳಿ ಹಾಲು ಕುಡಿಸ್ತದಾ? ಮರಿಯ ಬುತ್ತಿಯನ್ನು ತಾಯಿ ಮೊಟ್ಟೆಯೊಳಗೇ ಕಟ್ಟಿಟ್ಟು ಆಯ್ತು. ತಿನ್ನಿಸುವುದಿದ್ರೆ ಮೊಟ್ಟೆ ಇಡುವ ಮೊದಲು ತಿನ್ನಿಸಬೇಕಿತ್ತು. ಈಗ ಬೇಕಾದ್ದು ಕಾವು ಮಾತ್ರ!"

ಕಾವು ತಾನೇ? ಮೊಟ್ಟೆಗಳನ್ನು ಮಫ್ಲರಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡೆ. ಕಂಬಳಿ ಹೊದ್ದು ಆರಾಮಕುರ್ಚಿಯಲ್ಲಿ ಒರಗಿದೆ. ಹೊಟ್ಟೆಯ ತೊಂದರೆ ಎಂದು ಕಚೇರಿಗೆ ಹೇಳಿ ಕಳುಹಿಸಿದೆ. ಸುಳ್ಳೇನಲ್ಲವಲ್ಲ!

ಸುದ್ದಿ ಬಾಯಿಂದ ಬಾಯಿಗೆ ಬೆಳೆದು ಕಾರ್ಕಳ ಮುಟ್ಟುವಷ್ಟರಲ್ಲಿ ಅಳಿಯ ಹಾಸಿಗೆ ಹಿಡಿದಿದ್ದ. ಸುನಂದಾ ಕೂಸನ್ನೆತ್ತಿಕೊಂಡು, ಅತ್ತೆಯೊಡನೆ ಬಸ್ಸಿಳಿದು ಅಳುತ್ತಲೇ ಒಳಗೆ ಬಂದಳು.

"ಎಂತ ಆಯ್ತು ನಿಮಗೆ? ಏಳಿ!"

"ಏಳುವ ಹಾಗಿಲ್ಲ."

ಅವಳು ಗೊಳೋ ಎಂದಳು. ಅತ್ತೆ ಕಂಬಳಿ ಎಳೆದರು. ನನ್ನ ಅಂಗಿಯೊಳಗಿಂದ "ಚಿಂವ್" ಎಂದಿತು!

ಅತ್ತೆ ನನ್ನನ್ನೂ ಮಫ್ಲರಿನಿಂದ ಇಣುಕಿದ ಒದ್ದೆ ತಲೆಯನ್ನೂ ನೋಡಿದರು. ಸುನಂದಾಳ ಕೈಯಿಂದ ಕೂಸನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದರು. ನನ್ನ ಕಣ್ಣು ತುಂಬಿ ಬಂತು. ಮರಿಯನ್ನು ಸುನಂದಾಳ ಕೈಗಿತ್ತು, ಮಗಳನ್ನು ತಬ್ಬಿಕೊಂಡು ಆ ಸಂತೋಷದಲ್ಲಿ ಎದ್ದು ಕೂತೇಬಿಟ್ಟೆ. ಉಳಿದ ಮೊಟ್ಟೆಗಳೆಲ್ಲ ಪಚಕ್! ಅಷ್ಟೂ ಕೊಳೆತುಹೋಗಿದ್ದವು. ಅಳು ಕೇಳಿ ಬಂದಿದ್ದ ಸೆಲಿನಾ ಬಾಯಿ ಮೂಗು ಮುಚ್ಚಿಕೊಂಡು ಮನೆಗೆ ಓಡಿದರು.

ಅತ್ತೆ ಈಗಿಲ್ಲ. ಆ ಅಂಗಳ ನೆನಪಾದರೆ ಇಂದಿಗೂ ಹೊಟ್ಟೆ ಬೆಚ್ಚಗಾಗುತ್ತದೆ. ಬದುಕಿದ ಆ ಒಂದೇ ಮರಿ ಕೋಳಿಯ ಹತ್ತಿರ ಸುಳಿಯಲೇ ಇಲ್ಲ. ಬೆಳೆದು ದೊಡ್ಡದಾದ ಮೇಲೂ ನಾನು ಬಸ್ಸಿಗೆ ಹೊರಟರೆ ನನ್ನ ಹಿಂದೆಯೇ ಬರುತ್ತಿತ್ತು. ಮಾತು ಕಲಿಯುತ್ತಿದ್ದ ಮಗಳಿಗೆ ಅತ್ತೆ ಅದನ್ನು ತೋರಿಸಿ ಹೇಳಿಕೊಟ್ಟರು: "ನೋಡು ಮಗಾ, ನಿನ್ನ ತಂಗಿ. ನಿನ್ನನ್ನು ಹೆತ್ತದ್ದು ಅಮ್ಮ, ಇದನ್ನು ಹೆತ್ತದ್ದು ಅಪ್ಪ!"

ಅಲ್ಲವೆನ್ನುವುದು ಹೇಗೆ? ಸಾಕ್ಷಿ ನನ್ನ ಚಪ್ಪಲಿಯ ಮೇಲೆಯೇ ನಿಂತಿತ್ತು!