ನಲವತ್ತೊಂದು ಡ್ಯೂಟಿ, ನಾಲ್ಕು ಜನ

"ನೂರಾ ಇಪ್ಪತ್ತು ಡ್ರೈವರ್‌ಗಳನ್ನ ಹನ್ನೊಂದು ವರ್ಷದಿಂದ ಓಡಿಸ್ತಾ ಇದೀನಿ. ಈ ಮನೇಲಿರೋ ನಾಲ್ಕು ಜನ ನನಗೊಂದು ಲೆಕ್ಕಾನಾ?"

ಶನಿವಾರ ಸಂಜೆ ಹೀಗೆಂದು ಘೋಷಿಸಿ, ಬಸ್ ಡಿಪೋದ ಡ್ಯೂಟಿ ಗುಮಾಸ್ತೆ ಊಟದ ಮೇಜಿನ ಮೇಲೆ ಉದ್ದನೆಯ ಹಾಳೆಯೊಂದನ್ನು ಹಾಸಿದಳು. ಡಿಪೋದಲ್ಲಿ ಅವಳನ್ನು ಎಲ್ಲರೂ ಡ್ಯೂಟಿ ಅಕ್ಕ ಎನ್ನುತ್ತಾರೆ. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಯಾರು ಓಡಿಸಬೇಕು, ಅವನಿಗೆ ಹೊಟ್ಟೆನೋವು ಬಂದರೆ ಬದಲಿಗೆ ಯಾರು ಹತ್ತಬೇಕು ಎಂಬ ಪಟ್ಟಿ ಬರೆಯುವುದು ಅವಳ ಕೆಲಸ. ಡ್ರೈವರ್‌ಗೆ ಹೊಟ್ಟೆನೋವು ಬರುವ ಹಿಂದಿನ ದಿನವೇ ಅಕ್ಕನಿಗೆ ಗೊತ್ತಾಗುತ್ತದೆ ಎಂಬ ಪ್ರತೀತಿ ಅಲ್ಲಿದೆ. ಅದನ್ನು ಅವಳು ಅಲ್ಲಗಳೆದದ್ದಿಲ್ಲ.

ಈಗ ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಮೂರನೆಯ ಮಗು. ಕಾಲುಗಳು ಊದಿಕೊಂಡು ಯಾವ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಹೆರಿಗೆಗೆ ಎರಡು ವಾರ ಮೊದಲೇ ಬಂದು ಆಸ್ಪತ್ರೆಯಲ್ಲಿ ಮಲಗಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅದಕ್ಕೂ ಅವಳು ಬೇಸರಪಟ್ಟುಕೊಳ್ಳಲಿಲ್ಲ. ಅವಳ ಪಿತ್ತ ಕೆರಳಿಸಿದ್ದು ಗಂಡನ ಅಕ್ಕ ಮಾಡಿದ ಫೋನು.

"ಪಾಪ, ನೀನಿಲ್ಲದೆ ಆ ಮನೆ ಒಂದು ದಿನ ನಡಿಯುತ್ತಾ?" ಎಂದಿದ್ದರು ಅತ್ತಿಗೆ. "ಚಿಕ್ಕವಳನ್ನ ನಾನು ಕರ್ಕೊಂಡು ಹೋಗ್ತೀನಿ. ಎರಡು ತಿಂಗಳು ಇಟ್ಕೊಂಡು ಕಳಿಸ್ತೀನಿ."

ಅತ್ತಿಗೆಯ ಊರಿಗೆ ರೈಲಿನಲ್ಲಿ ಎಂಟು ಗಂಟೆಯ ದಾರಿ. ಚಿಕ್ಕವಳಿಗೆ ನಾಲ್ಕು ವರ್ಷ. ದುಂಡಗಿರುವುದರಿಂದ ಮನೆಯಲ್ಲಿ ಅವಳು ಗುಂಡು. ತಾಯಿಯ ಕಿವಿ ಹಿಡಿದುಕೊಳ್ಳದೆ ಇವತ್ತಿನವರೆಗೆ ನಿದ್ದೆ ಮಾಡಿದವಳಲ್ಲ.

"ಇಟ್ಕೊಂಡು ಕಳಿಸೋಕೆ ಮಗು ಏನು ಸೈಕಲ್ಲೇನ್ರೀ?" ಎಂದು ಡ್ಯೂಟಿ ಅಕ್ಕ ಗಂಡನ ಮೇಲೆ ಹರಿಹಾಯ್ದಳು.

ಗಂಡನಿಗೆ ಕನ್ನಡಕದ ಅಂಗಡಿ. ಊರವರಿಗೆಲ್ಲ ಕಣ್ಣು ಕಾಣಿಸುವ ಈ ಪುಣ್ಯಾತ್ಮನಿಗೆ ಮನೆಯಲ್ಲಿ ಮೂಗಿನ ಕೆಳಗಿರುವ ಉಪ್ಪಿನ ಡಬ್ಬಿ ಕಾಣುವುದಿಲ್ಲ. "ಅಕ್ಕ ಹೇಳೋದರಲ್ಲೂ ತಪ್ಪಿಲ್ಲ ಬಿಡೇ. ಬಾಚಣಿಗೆ ಎಲ್ಲಿದೆ ಅಂತ ಕೇಳೋಕೆ ನಾನು ದಿನಕ್ಕೆ ಎಷ್ಟು ಸಲ ಆಸ್ಪತ್ರೆಗೆ ಬರಲಿ?" ಎಂದ.

ಅಲ್ಲಿಗೆ ಪಂಥ ಗಟ್ಟಿಯಾಯಿತು. ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಮಲಗುವ ಕೋಣೆಯೇ ಆಸ್ಪತ್ರೆ. ಬಚ್ಚಲು ಕೋಣೆಯೊಳಗೇ ಇತ್ತು. ಒಂದು ಹೂಜಿ ನೀರು ತೆಗೆದುಕೊಂಡು ಅವಳು ಒಳಗೆ ಮಲಗುವುದು. ಒಮ್ಮೆಯೂ ಯಾರೂ ಬಾಗಿಲು ತಟ್ಟದಿದ್ದರೆ ಗುಂಡು ಮನೆಯಲ್ಲೇ ಉಳಿಯುತ್ತಾಳೆ. ತಟ್ಟಿದರೆ, ಬುಧವಾರದ ರೈಲಿಗೆ ಬಾ ಎಂದು ಗಂಡ ತನ್ನ ಅಕ್ಕನಿಗೆ ಫೋನು ಮಾಡುತ್ತಾನೆ.

ಪಟ್ಟಿಯ ನೆತ್ತಿಯಲ್ಲಿ ಈ ಷರತ್ತು, ಅದರ ಕೆಳಗೆ ನಲವತ್ತೊಂದು ಡ್ಯೂಟಿಗಳಿದ್ದವು. ಡ್ಯೂಟಿಗೊಂದು ನಂಬರು, ನಂಬರಿನ ಮುಂದೆ ವೇಳೆ, ವೇಳೆಯ ಮುಂದೆ ಹೆಸರು. ಇದನ್ನು ಮೊದಲು ಕೈಗೆತ್ತಿಕೊಂಡವರು ಮಾವ. ಬಟ್ಟೆ ಗಿರಣಿಯ ಕಾರ್ಮಿಕ ಸಂಘಕ್ಕೆ ಇಪ್ಪತ್ತೆಂಟು ವರ್ಷ ಕಾರ್ಯದರ್ಶಿಯಾಗಿದ್ದ ಅವರು ನಿವೃತ್ತರಾದ ಮೇಲೆ ಇಂಥ ಕಾಗದವೊಂದು ಕೈಗೆ ಸಿಗದೆ ಸೊರಗಿದ್ದರು. ಕನ್ನಡಕ ಏರಿಸಿ ಓದಿದರು. ಊಟದ ನಂತರ ಎರಡು ಗಂಟೆ ವಿಶ್ರಾಂತಿ ಬೇಕು ಎಂದರು. ಕೊಟ್ಟಳು. ಹನ್ನೊಂದಕ್ಕೆ ಚಹಾ ಬಿಡುವು ಎಂದರು. ಅದನ್ನೂ ಕೊಟ್ಟಳು.

"ಕೊನೇ ಮಾತು, ತಾಯಿ. ಪಟ್ಟಿಲಿ ಇರೋದನ್ನ ಮಾಡ್ತೀವಿ. ಇಲ್ಲದ್ದನ್ನ ಮಾಡಲ್ಲ. ಒಪ್ಪಿಗೆನಾ?"

"ಒಪ್ಪಿಗೆ. ನಾನು ಬರೆದ ಪಟ್ಟಿಲಿ ಇಲ್ಲದ್ದು ಅಂತ ಏನೂ ಇರಲ್ಲ ಮಾವ."

ಒಂಬತ್ತು ವರ್ಷದ ದೊಡ್ಡ ಮಗಳು ಇದನ್ನು ಹಾಳೆಯ ಕೆಳಗೆ ಬರೆದುಕೊಂಡಳು. ಅವಳನ್ನು ಮನೆಯಲ್ಲಿ ಲಾಯರ್ ಎಂದು ಕರೆಯುವುದು ಸುಮ್ಮನೆ ಅಲ್ಲ. ನಾಲ್ವರೂ ಸಹಿ ಹಾಕಿದರು. ಗುಂಡು ಒಂದು ಸೊನ್ನೆ ಸುತ್ತಿ ಅದಕ್ಕೆ ಎರಡು ಕಣ್ಣು ಇಟ್ಟಳು.

ಭಾನುವಾರ ಏಳಕ್ಕೆ ಸರಿಯಾಗಿ ಬಾಗಿಲು ಮುಚ್ಚಿತು. ಏಳೂ ಹದಿನೈದಕ್ಕೆ ಹಾಲು ಸೀದ ವಾಸನೆ ಬಂತು.

ಡ್ಯೂಟಿ ಅಕ್ಕ ಎದ್ದು ಕುಳಿತಳು. ಮೂರನೇ ಡ್ಯೂಟಿ, ಹಾಲು ಒಲೆಯ ಮೇಲಿಡುವುದು: ಮಾವ. ಇಟ್ಟದ್ದನ್ನು ಮರೆಯುವುದು ಮಾವನ ಹುಟ್ಟುಗುಣವಾದ್ದರಿಂದ ನಾಲ್ಕನೇ ಡ್ಯೂಟಿ, ಹಾಲು ಇಳಿಸುವುದು: ಗಂಡ. ಹಾಗಿದ್ದರೆ ಗಂಡ ಎಲ್ಲಿ?

"ಅಪ್ಪ, ಹಾಲು ಉಕ್ಕಿ ಹೋಗ್ತಿದೆ," ಎಂದು ಗಂಡನ ದನಿ ಸೋಫಾದ ಕಡೆಯಿಂದ ಕೇಳಿಸಿತು. ಪತ್ರಿಕೆಯ ಹಾಳೆ ತಿರುವಿದ ಸದ್ದೂ ಕೇಳಿಸಿತು.

"ಇಡೋದು ನಂದು. ಇಟ್ಟಾಯ್ತು. ಇಳಿಸೋದು ನಿಂದು."

"ನನ್ನ ಪಾಳಿ ಏಳೂವರೆಗೆ. ಲಾಯರ್, ನೋಡಮ್ಮ."

"ಏಳೂವರೆ," ಎಂದು ಲಾಯರ್ ಓದಿ ದೃಢಪಡಿಸಿದಳು.

"ಒಬ್ಬನ ಮಗ್ಗಕ್ಕೆ ಇನ್ನೊಬ್ಬ ಕೈ ಹಾಕಿದ್ರೆ ನಮ್ಮ ಗಿರಣೀಲಿ ಮೂರು ದಿನ ಮುಷ್ಕರ ಆಗೋದು," ಎಂದರು ಮಾವ, ಹೆಮ್ಮೆಯಿಂದ.

ಏಳೂವರೆಗೆ ಒಲೆ ಆರಿತು. ಅಷ್ಟರಲ್ಲಿ ಇಳಿಸಲು ಪಾತ್ರೆ ಉಳಿದಿತ್ತೇ ಹೊರತು ಹಾಲು ಉಳಿದಿರಲಿಲ್ಲ. ಡ್ಯೂಟಿ ಅಕ್ಕ ದಿಂಬನ್ನು ಕಚ್ಚಿ ಹಿಡಿದಳು. ಡಿಪೋದಲ್ಲಿ ಮುಂದಿನ ಡ್ರೈವರ್ ಬಂದು ಕೂರುವವರೆಗೆ ಹಿಂದಿನವನು ಸ್ಟಿಯರಿಂಗ್ ಬಿಡುವುದಿಲ್ಲ. ಅದನ್ನು ಯಾರೂ ಬರೆದಿಡಬೇಕಾಗಿಲ್ಲ, ಬುದ್ಧಿ ಇದ್ದವರಿಗೆ ಗೊತ್ತಿರುತ್ತದೆ. ಮೂರು ತಲೆಮಾರು ಒಟ್ಟಿಗೆ ನಿಂತು ಹಾಲು ಉಕ್ಕುವುದನ್ನು ನೋಡಿದ ಮನೆ ಲೋಕದಲ್ಲಿ ಇನ್ನೊಂದಿದೆಯೇ ಎಂದು ಅವಳು ಸೂರನ್ನು ಕೇಳಿದಳು.

ಎಂಟೂವರೆಗೆ ಹದಿನಾಲ್ಕನೇ ಡ್ಯೂಟಿ: ಗುಂಡುವಿನ ತಲೆ ಬಾಚುವುದು. ಗಂಡನ ಹೆಜ್ಜೆ ಹಜಾರದಲ್ಲಿ ಆ ಕಡೆ ಈ ಕಡೆ ಓಡಾಡಿತು. ಮೇಜಿನ ಖಾನೆಗಳು ತೆರೆದು ಮುಚ್ಚಿಕೊಂಡವು. ಆಮೇಲೆ ಹೆಜ್ಜೆ ಕೋಣೆಯ ಬಾಗಿಲಿಗೇ ಬಂದು ನಿಂತಿತು. ಡ್ಯೂಟಿ ಅಕ್ಕ ಉಸಿರು ಬಿಗಿಹಿಡಿದಳು.

"ತಟ್ಟಬೇಡ ಅಪ್ಪ," ಎಂದಿತು ಸಣ್ಣ ದನಿ. "ತಟ್ಟಿದ್ರೆ ನಾನು ರೈಲಲ್ಲಿ ಹೋಗ್ಬೇಕು."

ಹೆಜ್ಜೆ ಹಿಂದೆ ಸರಿಯಿತು. "ಹಾಗಾದ್ರೆ ಬಾಚೋದು ಹೇಗೆ ಪುಟ್ಟ? ಇದರಲ್ಲಿ ಬಾಚಲಾ? ಬೂಟಿನ ಬ್ರಷ್ಷು. ಹೊಸದು, ಇನ್ನೂ ಬೂಟಿಗೆ ಮುಟ್ಟಿಸಿಲ್ಲ."

"ಬಾಚು," ಎಂದಳು ಗುಂಡು.

ಬಾಚಣಿಗೆ ಇದ್ದದ್ದು ಫ್ರಿಜ್ಜಿನ ಮೇಲೆ. ಗಂಡ ನಿಂತ ಜಾಗದಿಂದ ಮೂರು ಹೆಜ್ಜೆ, ಅವನ ಕಣ್ಣಿನ ಮಟ್ಟಕ್ಕೇ. ಬಾಗಿಲು ತಟ್ಟಬಾರದು ಎಂದಿತ್ತೇ ಹೊರತು ಚೀಟಿ ಕಳಿಸಬಾರದು ಎಂದು ಎಲ್ಲಿಯೂ ಇರಲಿಲ್ಲ. ಡ್ಯೂಟಿ ಅಕ್ಕ "ಬಾಚಣಿಗೆ ಫ್ರಿಜ್ಜಿನ ಮೇಲೆ" ಎಂದು ಬರೆದು ಬಾಗಿಲ ಸಂದಿಯಿಂದ ಹೊರಗೆ ತಳ್ಳಿದಳು. ಒಂದು ನಿಮಿಷದಲ್ಲಿ ಚೀಟಿ ಅದೇ ಸಂದಿಯಿಂದ ವಾಪಸು ಬಂತು. ಹಿಂಬದಿಯಲ್ಲಿ ಲಾಯರ್‌ಳ ದುಂಡನೆಯ ಅಕ್ಷರ: "ರೋಗಿಗಳ ಸಲಹೆ ಸ್ವೀಕರಿಸುವುದಿಲ್ಲ."

ಇಷ್ಟಾದ ಮೇಲೆ ಯಾವ ತಾಯಿ ಸುಮ್ಮನಿರುತ್ತಾಳೆ? ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಅವಳು ಎದ್ದಳು. ಬಾಗಿಲನ್ನು ನಾಲ್ಕು ಬೆರಳು ತೆರೆದು, "ಬೂಟಿನ ಬ್ರಷ್ಷು ಕೆಳಗಿಡ್ರೀ," ಎಂದಳು.

ಬಾಗಿಲು ಅವಳ ಮುಖಕ್ಕೇ ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಬಿದ್ದ ಸದ್ದಾಯಿತು.

"ಲಾಯರ್, ಏನೇ ಇದು?"

"ಆಸ್ಪತ್ರೇಲಿ ಇದ್ದವರಿಗೆ ನಮ್ಮನೆ ಬ್ರಷ್ಷು ಕಾಣಿಸಲ್ಲ ಅಮ್ಮ. ಮಲ್ಕೋ."

ಹೆತ್ತ ಮಗಳೇ ಹೀಗೆ ಕೂಡಿಹಾಕಿದಳಲ್ಲ ಎಂದು ಕುದಿಯುತ್ತ ಡ್ಯೂಟಿ ಅಕ್ಕ ಮತ್ತೆ ಮಲಗಿದಳು. ಹನ್ನೊಂದಕ್ಕೆ ಚಹಾದ ಬಿಡುವು ನಡೆಯಿತು. ಕಪ್ಪುಗಳ ಸದ್ದು ಕೇಳಿದಳು, ನಾಲ್ಕು ಕಪ್ಪು. ಒಂದು ಗಂಟೆಗೆ ತಟ್ಟೆಗಳ ಸದ್ದಾಯಿತು. ಅದನ್ನೂ ಎಣಿಸಿದಳು. ನಾಲ್ಕು.

ಐದನೆಯದು ಈಗ ಬರುತ್ತದೆ ಎಂದು ಕಾದಳು. ಒಳಗಿನ ಕೂಸೂ ಕಾದು, ಒದೆಯತೊಡಗಿತು. ಹೊರಗೆ ಚಮಚಗಳು ತಟ್ಟೆ ಕೆರೆದವು. ಯಾರೋ ತೇಗಿದರು. ಮಾವನೇ, ಗಿರಣಿಯ ಸೈರನ್ನಿನ ಪಕ್ಕ ಇಪ್ಪತ್ತೆಂಟು ವರ್ಷ ಕಳೆದವರ ತೇಗು ಗುರುತಿಗೆ ಸಿಗುತ್ತದೆ. "ಇನ್ನು ಎರಡು ಗಂಟೆ ವಿಶ್ರಾಂತಿ," ಎಂದು ಸಾರಿದರು. ನಲ್ಲಿಯಲ್ಲಿ ತಟ್ಟೆ ತೊಳೆದ ಸದ್ದು ಕೇಳಿತು. ಆಮೇಲೆ ಮನೆ ನಿಶ್ಶಬ್ದವಾಯಿತು.

ಡ್ಯೂಟಿ ಅಕ್ಕ ಹಾಸಿಗೆಯ ಮೇಲಿದ್ದ ತನ್ನ ಪ್ರತಿಯನ್ನು ಬಿಡಿಸಿ ಒಂದರಿಂದ ನಲವತ್ತೊಂದರವರೆಗೆ ಬೆರಳಿಟ್ಟು ಓದಿದಳು. ಗಿಡಕ್ಕೆ ನೀರು ಹಾಕುವುದಿತ್ತು. ಮೀನಿನ ತೊಟ್ಟಿಗೆ ಕಾಳು ಹಾಕುವುದಿತ್ತು. ಕಸದ ಬುಟ್ಟಿಯ ಮುಚ್ಚಳ ಮುಚ್ಚುವುದಕ್ಕೆ ಪ್ರತ್ಯೇಕ ನಂಬರೇ ಇತ್ತು. ಅವಳಿಗೆ ಊಟ ಕೊಡುವುದು ಎಲ್ಲಿಯೂ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳು ತನ್ನ ಹೆಸರನ್ನು ಯಾವ ಪಟ್ಟಿಯಲ್ಲೂ ಬರೆದವಳಲ್ಲ. ಗುಮಾಸ್ತೆಗೆ ಎಲ್ಲಿಯ ಡ್ಯೂಟಿ? ಅವಳು ಡಬ್ಬಿ ಕಟ್ಟಿಕೊಂಡು ಹೋಗುತ್ತಾಳೆ, ಕೆಲಸದ ನಡುವೆ ತಿಂದು ಮುಗಿಸುತ್ತಾಳೆ.

ಆದರೂ! ಇದನ್ನೂ ಬರೆದುಕೊಡಬೇಕೇ? ಮೀನಿಗೆ ಹಸಿವಾಗುತ್ತದೆ ಎಂದು ಬಲ್ಲ ಮನೆಯಲ್ಲಿ ಬಸುರಿಗೆ ಹಸಿವಾಗುತ್ತದೆ ಎಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಎರಡೂ ಹತ್ತರವರೆಗೆ ತಡೆದಳು. ಆಮೇಲೆ ತಾನೇ ಹೋಗಿ ಒಳಗಿನಿಂದ ಬಾಗಿಲು ತಟ್ಟಿದಳು.

ಹೊರಗೆ ಗುಸುಗುಸು ಶುರುವಾಯಿತು.

"ರೋಗೀನೇ ತಟ್ಟಿದ್ರೆ ಏನು ಅಂತ ಪಟ್ಟಿಲಿ ಇಲ್ಲ," ಎಂದರು ಮಾವ.

"ತೆಗೀಬೇಡಿ ಅಪ್ಪ. ಇದು ಪರೀಕ್ಷೆ. ನಾವು ಗಟ್ಟಿ ಇದೀವಾ ಅಂತ ನೋಡ್ತಿದಾಳೆ," ಎಂದ ಗಂಡ.

"ಪರೀಕ್ಷೆ ಅಲ್ಲಾರೀ, ಬಾಗಿಲು ತೆಗೀರಿ."

"ನೋಡಿದ್ರಾ? ಹಾಗೇ ಅಂತಾಳೆ."

ಡ್ಯೂಟಿ ಅಕ್ಕ ದನಿ ಇಳಿಸಿದಳು. "ಗುಂಡು, ನನ್ನ ಬಂಗಾರ, ಅಕ್ಕಂಗೆ ಚಿಲಕ ತೆಗಿ ಅಂತ ಹೇಳು."

ಬಾಗಿಲಿನ ಆಚೆ, ಮೊಣಕಾಲಿನ ಎತ್ತರದಿಂದ ಉತ್ತರ ಬಂತು. ಮಗು ಬೆಳಗಿನಿಂದಲೂ ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಿತ್ತು ಎಂದು ಅವಳಿಗೆ ಆಗ ತಿಳಿಯಿತು.

"ಹೇಳಲ್ಲ. ತೆಗೆದ್ರೆ ನನ್ನನ್ನ ಅತ್ತೆ ಊರಿಗೆ ಕಳಿಸ್ತೀಯ."

"ಕಳಿಸಲ್ಲ ಕಂದ."

"ಕಳಿಸ್ತೀಯ. ನೀನೇ ಬರೆದಿದೀಯ. ನಾನು ಸಹಿ ಹಾಕಿದೀನಿ."

ಕೋಪ ಎಲ್ಲಿ ಹೋಯಿತೋ ತಿಳಿಯದೆ ತಾಯಿ ಹಣೆಯನ್ನು ಬಾಗಿಲಿಗೆ ಒತ್ತಿ ನಿಂತಳು. ನಂತರ, ನೂರಾ ಇಪ್ಪತ್ತು ಡ್ರೈವರ್‌ಗಳು ಎಂದೂ ಕೇಳಿರದ ದನಿಯಲ್ಲಿ, "ಹೊಟ್ಟೆ ಹಸಿತಿದೆ ಗುಂಡು," ಎಂದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಪಟ್ಟಿ ತಗೊಂಡು ಬಾರಮ್ಮ," ಎಂದರು ಮಾವ. ಕಾಗದ ಸರಬರ ಎಂದಿತು. ಅವರೂ ಒಂದರಿಂದ ನಲವತ್ತೊಂದರವರೆಗೆ ಓದಿರಬೇಕು, ಅಷ್ಟು ಹೊತ್ತಾಯಿತು.

"ಪಟ್ಟಿಲಿಲ್ಲ ತಾಯಿ," ಎಂದರು ಕೊನೆಗೆ, ತಪ್ಪು ತಮ್ಮದೇ ಎಂಬಂತೆ. "ಆದ್ರೆ ಗಿರಣೀಲಿ ಕೂಡ ಉಪವಾಸ ಕೂತವರಿಗೆ ನಾವೇ ಹೋಗಿ ನಿಂಬೆಹಣ್ಣಿನ ಶರಬತ್ತು ಕುಡಿಸ್ತಿದ್ವಿ. ತೆಗಿಯೇ ಲಾಯರ್."

ಚಿಲಕ ಸರಿಯಿತು. ನಾಲ್ವರೂ ಸಾಲಾಗಿ ನಿಂತಿದ್ದರು. ಗುಂಡುವಿನ ಕೂದಲು ಬೂಟಿನಷ್ಟೇ ನುಣುಪಾಗಿ ತಲೆಗೆ ಅಂಟಿಕೊಂಡಿತ್ತು. ಒಲೆಯ ಸುತ್ತ ಕಪ್ಪು ಕಟ್ಟಿತ್ತು. ಉಳಿದಂತೆ ನೆಲ ಒರೆಸಿತ್ತು, ಬಟ್ಟೆ ಒಣಹಾಕಿತ್ತು, ಗಿಡ ನೀರು ಕುಡಿದಿತ್ತು, ಮೀನು ಡುಮ್ಮಗೆ ತೇಲುತ್ತಿತ್ತು. ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಗಂಡ ಕಿವಿಯವರೆಗೆ ಕೆಂಪಾಗಿ ನಾಲ್ಕು ಮೊಟ್ಟೆ ಒಡೆದು ಹಾಕಿದ. ಅವಳು ಒಲೆಯ ಬಳಿಯೇ ನಿಂತು, ಬಾಣಲೆಯಿಂದಲೇ ತಿಂದಳು. ಉಪ್ಪು ಕಡಿಮೆಯಿತ್ತು. ಏಕೆಂದು ಕೇಳಲಿಲ್ಲ.

ಕೊನೆಯ ತುತ್ತಿಗೆ ಫೋನು ಬಂತು. ಅತ್ತಿಗೆ. ಗಂಡ ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟ.

"ಬುಧವಾರದ ಟಿಕೇಟು ತೆಗೆಸಲೇನೋ?"

"ಬೇಡ ಅಕ್ಕ," ಎಂದ ಅವನು, ಹೆಂಡತಿಯ ಕಡೆ ನೋಡದೆ. "ಗುಂಡು ಇಲ್ಲೇ ಇರ್ತಾಳೆ. ಹಾಲು ಉಕ್ಕಿಸಿಕೊಂಡ್ವಿ, ಬಾಚಣಿಗೆ ಸಿಗಲಿಲ್ಲ. ಆದ್ರೂ ಒಂದು ಸಲವೂ ಬಾಗಿಲು ತಟ್ಟಲಿಲ್ಲ ನಾವು."

ಡ್ಯೂಟಿ ಅಕ್ಕನ ಮುಖ ಅರಳಿತು. ನೋಡಿದಿರಾ ನನ್ನ ಪಟ್ಟಿಯ ಮಹಿಮೆಯನ್ನು, ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಗುಂಡು ಕುರ್ಚಿ ಹತ್ತಿ ಫೋನಿಗೆ ಬಾಯಿ ಹಚ್ಚಿದ್ದಳು.

"ಅತ್ತೆ, ನಾನು ಬರಲ್ಲ. ಅಮ್ಮನ್ನ ಕರ್ಕೊಂಡು ಹೋಗು. ಬಾಗಿಲು ತಟ್ಟಿದ್ದು ಅವಳೇ."

ಆಚೆಯಿಂದ ಅತ್ತಿಗೆ ನಗು ತಡೆದುಕೊಂಡಿದ್ದು ಇಲ್ಲಿಗೂ ಕೇಳಿಸಿತು. "ಆಗಲಿ ಪುಟ್ಟ, ಅವಳನ್ನೇ ಕರ್ಕೊಂಡು ಹೋಗ್ತೀನಿ. ರಾತ್ರಿ ಏನಾದ್ರೂ ಹಠ ಮಾಡ್ತಾಳಾ?"

ಗುಂಡು ತಾಯಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ರಾತ್ರಿ ಇಲ್ಲ," ಎಂದಳು. "ಹಗಲು ಮಾಡ್ತಾಳೆ."