ಅಭಿಮಾನಿ ನಾರ್ಬರ್ಟ್ ಗೋರ್ಸ್ಕಿಯ ವಿನಿಮಯ

ಪೋರ್ಟ್ ಹ್ಯಾಲಮ್ ನಗರದ ಹೆರಾನ್ಸ್ ಬೇಸ್‌ಬಾಲ್ ತಂಡವು ತನ್ನ ಪುನರ್ನಿರ್ಮಾಣ ಕಾರ್ಯದ ಹನ್ನೊಂದನೆಯ ವರ್ಷವನ್ನು ಯಶಸ್ವಿಯಾಗಿ ಪೂರೈಸಿತು. ಪುನರ್ನಿರ್ಮಾಣವೆಂದರೆ, ಇವತ್ತು ಚೆನ್ನಾಗಿ ಆಡುವವರನ್ನು ಬೇರೆ ಊರಿನ ತಂಡಗಳಿಗೆ ಕೊಟ್ಟು, ಮುಂದೊಂದು ದಿನ ಚೆನ್ನಾಗಿ ಆಡಬಹುದಾದ ಹುಡುಗರನ್ನು ತರುವುದು. ಆ ಹುಡುಗರು ಚೆನ್ನಾಗಿ ಆಡತೊಡಗಿದ ಕೂಡಲೇ ಅವರನ್ನೂ ಕೊಟ್ಟು ಇನ್ನೂ ಚಿಕ್ಕವರನ್ನು ತರುವುದು. ಈ ಕ್ರಮದಿಂದಾಗಿ ತಂಡದ ಭವಿಷ್ಯವು ವರ್ಷದಿಂದ ವರ್ಷಕ್ಕೆ ಉಜ್ವಲವಾಗುತ್ತಲೇ ಇದ್ದು, ಸೋಲುಗಳ ಸಂಖ್ಯೆ ಸಾವಿರ ದಾಟಿದೆ.

ಇದರಿಂದ ಊರಿನವರು ಬೇಸರಗೊಂಡರೆಂದು ಯಾರೂ ತಿಳಿಯಬಾರದು. ಅವರು ಪಂದ್ಯ ನೋಡುವುದನ್ನು ಬಿಟ್ಟು ಭವಿಷ್ಯ ನೋಡುವುದನ್ನು ಕಲಿತರು. ಮೈದಾನದಲ್ಲಿ ಹೆರಾನ್ಸ್ ಒಂಬತ್ತು–ಸೊನ್ನೆಯಿಂದ ಸೋಲುತ್ತಿರುವಾಗ, ಬಿಸಿಲು ಬೀಳುವ ಗ್ಯಾಲರಿಯಲ್ಲಿ ಚೆಂಡೆಸೆಯುವ ಹದಿನೇಳರ ಹುಡುಗನೊಬ್ಬನ ಮೊಣಕೈ ಕುರಿತು ಘನಘೋರ ಚರ್ಚೆ ನಡೆಯುತ್ತಿತ್ತು. ಈ ವಿದ್ಯೆಯಲ್ಲಿ ಊರಿಗೇ ದೊಡ್ಡ ಕೈ ನಾರ್ಬರ್ಟ್ ಗೋರ್ಸ್ಕಿ. ಅರವತ್ತೆಂಟು ವರ್ಷ, ಬಾಯ್ಲರ್ ರಿಪೇರಿ ಮಾಡಿ ನಿವೃತ್ತನಾದವನು, ವಿಧುರ. ಹನ್ನೆರಡನೇ ಸಾಲಿನ ನಾಲ್ಕನೇ ಕುರ್ಚಿ ಅವನದು. ಐದನೆಯದು ಡೊಲೋರಿಸ್ ಪ್ಯಾಕ್‌ಳದು. ಅವಳೂ ಗಂಡನನ್ನು ಕಳೆದುಕೊಂಡವಳು, ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು. ಅವಳ ಗದರಿಕೆ ಮೈದಾನದ ಆ ತುದಿಯವರೆಗೂ ಕೇಳುತ್ತಿತ್ತು.

"ಆ ಹೊಸ ಹುಡುಗನ ಎಸೆತ ನೋಡು ಡೋರಿ. ದೇವರು ಕೊಟ್ಟ ಕೈ. ಇನ್ನು ನಾಲ್ಕು ವರ್ಷ ತಾಳು, ಆಮೇಲೆ ನೋಡ್ತಿರು."

"ಅವನೆಸೆದ ಚೆಂಡು ಈಗಷ್ಟೇ ಐಸ್‌ಕ್ರೀಮ್ ಮಾರೋನ ತಲೆ ಮೇಲೆ ಹೋಯ್ತು ಕಣೋ."

"ವೇಗ ನೋಡಬೇಕು. ಎಲ್ಲಿಗೆ ಹೋಯ್ತು ಅನ್ನೋದನ್ನೆಲ್ಲ ಆಮೇಲೆ ಕಲಿಸಬಹುದು."

"ನಾಲ್ಕು ವರ್ಷ ಆದ್ಮೇಲೆ ನೀನು ಇರ್ತೀಯೇನೋ ಮುದುಕಪ್ಪ?"

"ನಾನಿಲ್ದಿದ್ರೆ ನಿನ್ನ ಹತ್ರ ಜಗಳ ಆಡೋಕೆ ಯಾರು ಬರ್ತಾರೆ?"

ಹೀಗೆ ಜಗಳ ಆಡುತ್ತಲೇ ಅವಳು ಕಡಲೆಕಾಯಿ ಸುಲಿಯುತ್ತಿದ್ದಳು, ಅವನು ತಿನ್ನುತ್ತಿದ್ದ. ಆರು ವರ್ಷಗಳಿಂದ ನಾರ್ಬರ್ಟ್ ಅವಳಿಗೆ ಬೇಸ್‌ಬಾಲಿಗೆ ಸಂಬಂಧವಿಲ್ಲದ ಒಂದು ಮಾತು ಹೇಳಬೇಕೆಂದಿದ್ದ. ಅವಳ ಮೇಲೆ ಅವನಿಗೆ ಜೀವವೇ ಇತ್ತು. ಆದರೆ ಬಾಯಿ ತೆರೆದಾಗಲೆಲ್ಲ ಯಾವನೋ ಹುಡುಗನ ಮೊಣಕೈ ಅಡ್ಡ ಬರುತ್ತಿತ್ತು.

ಹೀಗಿರಲು ಜೂನ್ ತಿಂಗಳಲ್ಲಿ ತಂಡದ ಕಚೇರಿಯಿಂದ ಪ್ರಕಟಣೆ ಹೊರಬಿತ್ತು:

"ಆಟಗಾರರ ಸರಾಸರಿ ವಯಸ್ಸನ್ನು ಇಪ್ಪತ್ತೆರಡಕ್ಕೆ ಇಳಿಸುವಲ್ಲಿ ಆಡಳಿತ ಮಂಡಳಿಯು ಸಫಲವಾಗಿದ್ದು, ಅಭಿಮಾನಿಗಳ ಸರಾಸರಿ ವಯಸ್ಸು ಮಾತ್ರ ಅರವತ್ತೊಂದರಲ್ಲೇ ನಿಂತಿರುವುದನ್ನು ವಿಷಾದದಿಂದ ಗಮನಿಸಿದೆ. ತಂಡವು ಗೆಲ್ಲಲಿರುವ ವರ್ಷದಲ್ಲಿ ಚಪ್ಪಾಳೆ ತಟ್ಟಲು ಸದರಿ ಅಭಿಮಾನಿಗಳು ಲಭ್ಯರಿರುವ ಸಂಭವ ಕಡಿಮೆ. ಆದಕಾರಣ ಪುನರ್ನಿರ್ಮಾಣ ಕಾರ್ಯವನ್ನು ಗ್ಯಾಲರಿಗೂ ವಿಸ್ತರಿಸಲಾಗಿದೆ."

ಎಲ್ಲರೂ ತಲೆದೂಗಿದರು. "ಇದನ್ನ ಮೊದಲೇ ಮಾಡಬೇಕಿತ್ತು" ಎಂದು ಮೊದಲು ಹೇಳಿದವನು ನಾರ್ಬರ್ಟನೇ. ಮರುದಿನ ವಿನಿಮಯದ ಪಟ್ಟಿ ಬಂತು. ಮೊದಲ ಹೆಸರೂ ಅವನದೇ ಆಗಿತ್ತು.

ಪಡೆಯುವ ತಂಡ ವೆಸ್ಟ್‌ಬ್ರುಕ್ ಮ್ಯೂಲ್ಸ್, ಕಾರಿನಲ್ಲಿ ಆರು ತಾಸಿನ ದಾರಿ. ಅವರು ಈ ವರ್ಷವೇ ಗೆಲ್ಲುವ ಹವಣಿಕೆಯಲ್ಲಿದ್ದುದರಿಂದ, ಅಕ್ಟೋಬರಿನ ಫೈನಲ್ ಪಂದ್ಯಗಳ ಚಳಿಯಲ್ಲಿ ಕೂತು ಕೂಗಬಲ್ಲ ಅನುಭವಸ್ಥರು ಅವರಿಗೆ ಬೇಕಿತ್ತು. ಬದಲಿಗೆ ಅವರು ಕೊಡುವುದು ಟೀಗನ್ ಎಂಬ ಹನ್ನೊಂದು ವರ್ಷದ ಹುಡುಗಿಯನ್ನು. ಅವಳ ತಂದೆ ತಾಯಿಗೆ ಪೋರ್ಟ್ ಹ್ಯಾಲಮ್‌ಗೆ ವರ್ಗವಾಗಿತ್ತು. ನಾರ್ಬರ್ಟನಿಗೆ ವೆಸ್ಟ್‌ಬ್ರುಕ್‌ನಲ್ಲಿ ಮೈದಾನದ ಪಕ್ಕವೇ ಬಾಡಿಗೆ ಮನೆ ಗೊತ್ತುಮಾಡಲಾಗಿತ್ತು.

ನಿಯಮದಂತೆ ಅಭಿಮಾನಿಗಳ ಮಂಡಳಿ ಒಪ್ಪಿಗೆ ನೀಡಬೇಕು. ಭಾನುವಾರ ಮಧ್ಯಾಹ್ನ, ಅಧ್ಯಕ್ಷ ಮಿಲ್ಟ್ ಡ್ರೆಷರ್‌ನ ಪಬ್ಬಿನ ಹಿಂಭಾಗದಲ್ಲಿ ಸಭೆ ಸೇರಿತು. ಅಭಿಮಾನಿ ಸಂಪನ್ಮೂಲ ವಿಭಾಗದ ಉಪನಿರ್ದೇಶಕ ಪ್ರೆಸ್ಟನ್ ಹೇಗ್, ಇಪ್ಪತ್ತೊಂಬತ್ತರ ತರುಣ, ಎದ್ದು ನಿಂತು ವರದಿ ಓದಿದ.

"ಶ್ರೀ ಗೋರ್ಸ್ಕಿಯವರು. ಕೂಗು: ಹಿಂದೆ ಅತ್ಯುತ್ತಮ, ಈಗ ಏಳನೇ ಇನಿಂಗ್ಸ್ ಹೊತ್ತಿಗೆ ಕೆಮ್ಮಾಗಿ ಪರಿವರ್ತನೆಯಾಗುತ್ತದೆ. ಎದ್ದು ನಿಲ್ಲುವ ವೇಗ: ಘಟನೆ ಮುಗಿದ ನಂತರ. ಶೌಚಾಲಯಕ್ಕೆ ತೆರಳುವುದು: ಪಂದ್ಯಕ್ಕೆ ನಾಲ್ಕು ಬಾರಿ. ಮುಂದಿನ ಬೆಳವಣಿಗೆ: ನಿರೀಕ್ಷಿತವಲ್ಲ."

"ಐದು ಸಲ ಹೋಗ್ತಾನೆ" ಎಂದು ಹಿಂದಿನಿಂದ ಯಾರೋ ತಿದ್ದಿದರು. ಹೇಗ್ ಧನ್ಯವಾದ ಹೇಳಿ ಬರೆದುಕೊಂಡ.

ಚರ್ಚೆ ಎರಡು ಗಂಟೆ ನಡೆಯಿತು. ನಾರ್ಬರ್ಟ್ ಎದುರಿಗೇ ಕೂತಿದ್ದರೂ ಯಾರಿಗೂ ಸಂಕೋಚವಾಗಲಿಲ್ಲ, ಏಕೆಂದರೆ ಇದು ವೈಯಕ್ತಿಕ ವಿಷಯವಾಗಿರಲಿಲ್ಲ. ಮಿಲ್ಟ್ ಮಾತ್ರ ಅವನ ಭುಜದ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡಪ್ಪ. ಬೆಲೆ ಇರುವಾಗ್ಲೇ ಕಳಿಸಿಬಿಡಬೇಕು ಅಂತ ನೀನೇ ಅಲ್ವಾ ನಮಗೆಲ್ಲ ಕಲಿಸಿದ್ದು?"

"ಹೌದು" ಎಂದ ನಾರ್ಬರ್ಟ್. "ನಾನಾದ್ರೂ ಇದನ್ನೇ ಮಾಡ್ತಿದ್ದೆ. ಅರವತ್ತೆಂಟು ಕೊಟ್ಟು ಹನ್ನೊಂದು ತರೋದು ಅಂದ್ರೆ ಒಳ್ಳೇ ವ್ಯಾಪಾರ." ಹಾಗೆ ಹೇಳುವಾಗ ಅವನ ಕಣ್ಣು ಡೊಲೋರಿಸ್‌ಳ ಮೇಲೆಯೇ ಇತ್ತು. ಆರು ತಾಸಿನ ದಾರಿಯಾಚೆ ಅವನು ಒಬ್ಬನೇ ಕೂತು ಕಡಲೆಕಾಯಿ ಸುಲಿದುಕೊಳ್ಳಬೇಕಿತ್ತು.

ಡೊಲೋರಿಸ್ ಎದ್ದು ನಿಂತಳು. "ಇದು ಅನ್ಯಾಯ."

ನಾರ್ಬರ್ಟನಿಗೆ ಹೋದ ಜೀವ ಬಂದಂತಾಯಿತು.

"ಬರೀ ಒಂದು ಹುಡುಗಿಗೆ ಇವನನ್ನ ಕೊಡ್ತೀರಾ? ಸಾವಿರ ಸೋಲು ನೋಡಿದ ಮನುಷ್ಯ ಇವನು. ಒಂದು ಸಲನಾದ್ರೂ ಮಧ್ಯದಲ್ಲಿ ಎದ್ದು ಮನೆಗೆ ಹೋಗಿದ್ದಾನಾ? ಇಂಥವನು ಬೇಕು ಅಂದ್ರೆ ಇನ್ನೊಂದು ಮಗು ಸೇರಿಸಿ ಕೊಡಲಿ!"

ಬಂದ ಜೀವ ಮತ್ತೆ ಹೋಯಿತು. ಸಭೆಯಾದರೋ ಮೇಜು ಕುಟ್ಟಿ ಬೆಂಬಲಿಸಿತು. ಹೇಗ್ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಟೀಗನ್‌ಳ ಏಳು ವರ್ಷದ ತಮ್ಮನನ್ನೂ ಕೊಡಲು ವೆಸ್ಟ್‌ಬ್ರುಕ್ ಒಪ್ಪಿದೆಯೆಂದು ಘೋಷಿಸಿದ. ಆದರೆ ಒಂದು ತೊಡಕಿತ್ತು.

"ಇಬ್ಬರು ಬಂದು ಒಬ್ಬರು ಹೋದರೆ ಕುರ್ಚಿ ಸಾಲದು. ಹದಿನಾಲ್ಕನೇ ನಿಯಮದ ಪ್ರಕಾರ ನಾವೂ ಇನ್ನೊಬ್ಬರನ್ನು ಸೇರಿಸಬೇಕಾಗುತ್ತದೆ. ವಿಶೇಷ ಮೌಲ್ಯವಿಲ್ಲದವರಾದರೂ ನಡೆಯುತ್ತದೆ."

"ಹಾಗಾದ್ರೆ ನನ್ನನ್ನ ಕೊಸರು ಹಾಕಿ" ಎಂದಳು ಡೊಲೋರಿಸ್.

"ತಮ್ಮ ಅರ್ಹತೆ, ಮೇಡಂ?"

"ಅರವತ್ತಾರು. ಎರಡೂ ಮೊಣಕಾಲು ಹೋಗಿವೆ. ಹಲ್ಲು ಅರ್ಧ ಕಟ್ಟಿಸಿದ್ದು. ಭವಿಷ್ಯ ಅನ್ನೋದು ಏನೇನೂ ಇಲ್ಲ, ಬರ್ಕೋ ತಮ್ಮಾ."

ಹೇಗ್ ಬರೆದುಕೊಂಡ. ಮೂವತ್ತು ವರ್ಷ ದಿನಕ್ಕೆರಡು ಬಾರಿ ಬಸ್ಸಿನ ಸೀಟು ಎಣಿಸಿದ ಹೆಂಗಸು, ಇನ್ನೊಂದು ಮಗುವನ್ನು ಕೇಳುವ ಮೊದಲು ಕುರ್ಚಿಗಳನ್ನು ಎಣಿಸಿರಲಿಲ್ಲವೆಂದರೆ ನಾರ್ಬರ್ಟ್ ನಂಬಲು ಸಿದ್ಧನಿರಲಿಲ್ಲ. ಅವನು ಅವಳತ್ತ ನೋಡಿದ. ಅವಳು ಮಿಲ್ಟ್‌ನ ಹತ್ತಿರ ಇನ್ನೊಂದು ಬಿಯರ್ ಕೇಳುತ್ತಿದ್ದಳು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ವೈದ್ಯಕೀಯ ತಪಾಸಣೆಯಲ್ಲಿ ಡೊಲೋರಿಸ್ ಅನುತ್ತೀರ್ಣಳಾದಳಾದರೂ, ಕೊಸರಿಗೆ ತಪಾಸಣೆ ಅನ್ವಯಿಸುವುದಿಲ್ಲವೆಂದು ಎರಡೂ ಕಚೇರಿಗಳು ಸ್ಪಷ್ಟಪಡಿಸಿದವು.

ಪೋರ್ಟ್ ಹ್ಯಾಲಮ್‌ನ ಹನ್ನೆರಡನೇ ಸಾಲಿನಲ್ಲಿ ಈಗ ಟೀಗನ್ ಕುಳಿತು ಕುದುರೆಗಳ ಬಗೆಗಿನ ಪುಸ್ತಕ ಓದುತ್ತಾಳೆ, ತಮ್ಮ ನಿದ್ದೆ ಮಾಡುತ್ತಾನೆ. ತನಗೆ ಬೇಸ್‌ಬಾಲ್ ಎಂದರೆ ಆಗುವುದಿಲ್ಲವೆಂದು ಆಕೆ ಮೊದಲ ದಿನವೇ ಹೇಳಿದಳು. ಬೆಳವಣಿಗೆಗೆ ವಿಪುಲ ಅವಕಾಶವಿದೆಯೆಂದು ತಜ್ಞರು ದಾಖಲಿಸಿಕೊಂಡರು. ಜುಲೈನಲ್ಲಿ ಆಕೆ ಒಮ್ಮೆ ತಲೆಯೆತ್ತಿ ಮೈದಾನದ ಕಡೆ ನೋಡಿದ್ದು ಊರಿನಲ್ಲಿ ಭಾರೀ ಸಂಚಲನ ಮೂಡಿಸಿತು.

ವೆಸ್ಟ್‌ಬ್ರುಕ್‌ನಲ್ಲಿ ಮೊದಲ ಪಂದ್ಯದ ಕೊನೆಗೆ ಸುತ್ತಲಿದ್ದವರೆಲ್ಲ ಒಮ್ಮೆಲೇ ಎದ್ದು ಕಿರುಚಿದಾಗ ನಾರ್ಬರ್ಟ್ ಬೆಚ್ಚಿಬಿದ್ದ.

"ಏನಾಯ್ತು ಡೋರಿ? ಬೆಂಕಿ ಬಿತ್ತಾ?"

"ಗೆದ್ವಂತೆ."

"ಈಗೇನ್ ಮಾಡೋದು?"

"ಗೊತ್ತಿಲ್ಲ ಕಣೋ. ಕೂತಿರೋಣ."

ಕೂತರು. ಇಲ್ಲಿ ಚರ್ಚಿಸಲು ಯಾವ ಹುಡುಗನ ಮೊಣಕೈಯೂ ಇರಲಿಲ್ಲ. ನಾರ್ಬರ್ಟ್ ಎರಡು ಸಲ ಕೆಮ್ಮಿದ.

"ಡೋರಿ, ಆರು ವರ್ಷದಿಂದ ನಿಂಗೊಂದು ಮಾತು ಹೇಳಬೇಕು ಅಂತ. ನನ್ನ ಮದುವೆ ಆಗ್ತೀಯಾ?"

"ಅಂತೂ ಬಾಯಿ ಬಿಟ್ಟೆ" ಎಂದಳು ಡೊಲೋರಿಸ್. "ಹುಡುಗನಲ್ಲಿ ಸತ್ವ ಇದೆ, ಬೆಳೆಯೋಕೆ ಸ್ವಲ್ಪ ಟೈಮ್ ಕೊಡೋಣ ಅಂತ ಸುಮ್ನಿದ್ದೆ. ಆಗ್ತೀನಿ."

ವಿನಿಮಯಗೊಂಡ ಅಭಿಮಾನಿಗಳ ವಿವಾಹಕ್ಕೆ ಉಭಯ ತಂಡಗಳ ಅನುಮತಿ ಕಡ್ಡಾಯ. ಹೆರಾನ್ಸ್ ಕಚೇರಿಯು ಶುಭಾಶಯ ಸಹಿತ ಅನುಮತಿ ನೀಡಿ ಒಂದೇ ಷರತ್ತು ವಿಧಿಸಿತು: ಸದರಿ ದಂಪತಿಗೆ ಜನಿಸಬಹುದಾದ ಶಿಶುವಿನ ಅಭಿಮಾನದ ಮೇಲೆ ಮೊದಲ ಹಕ್ಕು ಪೋರ್ಟ್ ಹ್ಯಾಲಮ್‌ನದು. ವಧುವರರು ಒಡನೆ ಸಹಿ ಹಾಕಿದರು. ಮಿಲ್ಟ್‌ನ ಪಬ್ಬಿನಲ್ಲಿ ಆ ಶಿಶುವಿನ ಕುರಿತು ಚರ್ಚೆ ಆಗಲೇ ಆರಂಭವಾಗಿದ್ದು, ತಾಯಿಯ ಗಂಟಲೇ ಬಂದರೆ ಇನ್ನಿಪ್ಪತ್ತು ವರ್ಷಗಳಲ್ಲಿ ಊರಿಗೆ ಒಳ್ಳೆಯ ದಿನಗಳಿವೆ ಎಂಬುದು ಬಹುಮತದ ಅಭಿಪ್ರಾಯ.